ಬಸುರಿಯ ಏದುಸಿರು: ಉಸಿರಾಟದ ಮೇಲೆ ಮೆದುಳಿನ ಆಳ್ವಿಕೆಯೂ ಹಾರ್ಮೋನುಗಳೂ

ದಾವಣಗೆರೆ ಹರಿಹರಗಳ ಸೀಮೆಯಲ್ಲಿ ಬಸುರಿಯಾದ ಹೆಣ್ಣುಮಗಳು ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಡತೊಡಗಿದರೆ ಮನೆಯ ಹಿರಿಯರು ಗಾಬರಿಪಡುವುದಿಲ್ಲ. 'ಕೂಸು ಮೇಲಕ್ಕೆ ಬಂದು ಎದೆಯನ್ನು ಒತ್ತುತ್ತದೆ. ಎರಡು ಜೀವವಲ್ಲವೆ' ಎಂದು ಸಮಾಧಾನ ಹೇಳುವುದುಂಟು. ಈ ಮಾತಿನ ಉತ್ತರಾರ್ಧವು ಬಹು ಪ್ರಾಚೀನವಾದುದು. ನಾಲ್ಕನೆಯ ತಿಂಗಳಲ್ಲಿ ಗರ್ಭದ ಹೃದಯವು ವ್ಯಕ್ತವಾಗುವುದೆಂದೂ, ಆದಕಾರಣ ಎರಡು ಹೃದಯಗಳುಳ್ಳ ಆಕೆಯನ್ನು 'ದೌಹೃದಿನಿ' ಎಂದು ಕರೆಯುವರೆಂದೂ ಸುಶ್ರುತ ಸಂಹಿತೆಯು ಹೇಳುತ್ತದೆ. ಪೂರ್ವಾರ್ಧವಾದರೋ ಪರೀಕ್ಷೆಗೆ ನಿಲ್ಲುವುದಿಲ್ಲ. ಏಕೆಂದರೆ ಅನೇಕ ಸ್ತ್ರೀಯರಲ್ಲಿ ಈ ಏದುಸಿರು ಎರಡನೆಯ ಮೂರನೆಯ ತಿಂಗಳಲ್ಲಿಯೇ ತಲೆದೋರುತ್ತದೆ. ಆಗ ಗರ್ಭಾಶಯವು ಇನ್ನೂ ಸೊಂಟದ ಎಲುಬುಗಳ ನಡುವೆಯೇ ಅಡಗಿರುತ್ತದೆ. ಎದೆಯನ್ನು ಒತ್ತುವಷ್ಟು ಮೇಲೆ ಅದು ಬಂದಿರುವುದಿಲ್ಲ. ಒತ್ತುವ ವಸ್ತುವೇ ಇಲ್ಲದಿರುವಾಗ ಒತ್ತಡದಿಂದ ಉಸಿರು ಹೆಚ್ಚಿತೆನ್ನುವುದು ಹೇಗೆ?

ಪ್ರಕೃತ ಲೇಖನದಲ್ಲಿ ನಾವು ಈ ಪ್ರಶ್ನೆಯ ಉತ್ತರವನ್ನೂ, ಅದು ದೊರೆತ ಬಗೆಯನ್ನೂ ವಿವರಿಸಲು ಯತ್ನಿಸುತ್ತೇವೆ. ನಾವು ವೈದ್ಯರಲ್ಲ, ಇತಿಹಾಸದ ಅಧ್ಯಾಪಕರು. ೧೯೬೫ರಿಂದ ವೈದ್ಯಕೀಯ ಕಾಲೇಜನ್ನು ಹೊಂದಿರುವ ದಾವಣಗೆರೆಯಲ್ಲಿ ಈ ವಿಷಯವನ್ನು ನಮಗಿಂತ ಚೆನ್ನಾಗಿ ಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಒಂದು ಸತ್ಯವು ಯಾರನ್ನು ಅಳೆದುದರಿಂದ ತಿಳಿಯಿತು, ಯಾರನ್ನು ಅಳೆಯದೆ ಬಿಟ್ಟುದರಿಂದ ತಡವಾಯಿತು ಎಂಬುದು ಇತಿಹಾಸದ ಪ್ರಶ್ನೆಯೇ ಆಗಿದೆ. ಅಲ್ಲದೆ ಈ ವಿಷಯವನ್ನು ತಿಳಿದುಕೊಳ್ಳುವುದರಿಂದ ನಮ್ಮ ಊರಿನ ತಾಯಂದಿರಿಗೆ ಪ್ರಯೋಜನವುಂಟೆಂಬುದು ಮುಂದೆ ಸ್ಪಷ್ಟವಾಗುವುದು.

ಮೊದಲು ಉಸಿರಾಟದ ಆಳ್ವಿಕೆಯನ್ನು ನೋಡೋಣ. ಹೃದಯಕ್ಕೂ ಶ್ವಾಸಕೋಶಕ್ಕೂ ಒಂದು ಮುಖ್ಯವಾದ ಭೇದವುಂಟು. ಹೃದಯದ ಮಿಡಿತವು ಹೃದಯದೊಳಗೇ ಹುಟ್ಟುತ್ತದೆ. ನರಗಳನ್ನೆಲ್ಲ ಕಡಿದರೂ ಅದು ಸ್ವಲ್ಪ ಕಾಲ ತಾನಾಗಿ ಮಿಡಿಯಬಲ್ಲದು. ಶ್ವಾಸಕೋಶಕ್ಕೆ ಅಂತಹ ಸ್ವಂತ ಲಯವಿಲ್ಲ. ವಪೆಯೂ ಪಕ್ಕೆಲುಬಿನ ನಡುವಣ ಸ್ನಾಯುಗಳೂ ಕೈಕಾಲಿನ ಸ್ನಾಯುಗಳಂತೆಯೇ ಅಪ್ಪಣೆಗಾಗಿ ಕಾದಿರುವ ಆಳುಗಳು. ದಿನವೊಂದಕ್ಕೆ ಸುಮಾರು ಇಪ್ಪತ್ತು ಸಾವಿರ ಸಲ ನಾವು ಉಸಿರಾಡುತ್ತೇವೆ. ಪ್ರತಿಯೊಂದು ಸಲವೂ ಅಪ್ಪಣೆಯು ಮೆದುಳಿನಿಂದಲೇ ಬರಬೇಕು. ಕತ್ತಿನ ಮೇಲ್ಭಾಗದಲ್ಲಿ ಪೆಟ್ಟು ಬಿದ್ದರೆ ಉಸಿರು ನಿಲ್ಲುತ್ತದೆ, ಕೆಳಭಾಗದಲ್ಲಿ ಬಿದ್ದರೆ ವಪೆ ಆಡುತ್ತಲೇ ಇರುತ್ತದೆ ಎಂಬುದನ್ನು ಕ್ರಿಸ್ತಶಕ ಎರಡನೆಯ ಶತಮಾನದ ಗೇಲನ್ ಕಂಡಿದ್ದನು. ೧೮೧೧ರ ಸುಮಾರಿನಲ್ಲಿ ಫ್ರಾನ್ಸಿನ ಲೆಗಲ್ವಾ ಎಂಬಾತನು ಮೊಲಗಳ ಮೆದುಳನ್ನು ಮೇಲಿನಿಂದ ಹೋಳುಹೋಳಾಗಿ ತೆಗೆಯುತ್ತ ಬಂದು, ಮೆದುಳಿನ ಬುಡದಲ್ಲಿ, ಬೆನ್ನುಹುರಿ ಆರಂಭವಾಗುವುದಕ್ಕೆ ತುಸು ಮೇಲಿರುವ ಮೆಡುಲ್ಲ ಎಂಬ ಭಾಗದ ಒಂದು ಕಿರಿದಾದ ಎಡೆಯನ್ನು ಮುಟ್ಟಿದೊಡನೆ ಉಸಿರು ನಿಲ್ಲುವುದನ್ನು ತೋರಿಸಿದನು. ಮೇಲಿನ ಮೆದುಳೆಲ್ಲ ಹೋದರೂ ಉಸಿರು ಉಂಟು. ಈ ಎಡೆ ಹೋದರೆ ಉಸಿರಿಲ್ಲ.

ಆ ಎಡೆಯೊಳಗೆ ಲಯವನ್ನು ಹುಟ್ಟಿಸುವ ನರಕೋಶಗಳ ಪುಟ್ಟ ಗುಂಪನ್ನು ಖಚಿತವಾಗಿ ಗುರುತಿಸಿದುದು ೧೯೯೧ರಲ್ಲಿ, ಅಮೆರಿಕದ ಜಾಕ್ ಫೆಲ್ಡ್‌ಮನ್ ಮತ್ತು ಅವರ ಸಹೋದ್ಯೋಗಿಗಳಿಂದ. ಅದಕ್ಕೆ ಪ್ರೀ-ಬಾಟ್ಸಿಂಗರ್ ಸಂಕೀರ್ಣ ಎಂದು ಹೆಸರು. ಬಾಟ್ಸಿಂಗರ್ ಎಂಬಾತನು ಯಾವನೋ ಮಹಾ ಪಂಡಿತನಿರಬೇಕೆಂದು ವಾಚಕರು ಭಾವಿಸಬಹುದು. ಅದು ಜರ್ಮನಿಯಲ್ಲಿ ನಡೆದ ಒಂದು ವಿದ್ವದ್ಗೋಷ್ಠಿಯ ಊಟದ ಮೇಜಿನ ಮೇಲಿದ್ದ ದ್ರಾಕ್ಷಾಮದ್ಯದ ಸೀಸೆಯ ಹೆಸರು! ಶಾಸನಗಳಲ್ಲಿ ಊರ ಹೆಸರುಗಳ ಮೂಲವನ್ನು ಹುಡುಕಿ ಬಳಲುವ ನಮ್ಮಂಥವರಿಗೆ ಇದೊಂದು ಎಚ್ಚರಿಕೆ.

ಲಯವು ಅಲ್ಲಿ ಹುಟ್ಟುವುದು ಸರಿ. ಅದು ಎಷ್ಟು ಆಳವಾಗಿರಬೇಕು, ಎಷ್ಟು ಬೇಗಬೇಗ ಬರಬೇಕು ಎಂಬುದನ್ನು ನಿರ್ಧರಿಸುವವರಾರು? ಇದಕ್ಕೆ ಉತ್ತರವು ದೊರೆತುದು ೧೯೦೫ರಲ್ಲಿ. ಆಕ್ಸ್‌ಫರ್ಡಿನ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಎಂಬವರು, ಶ್ವಾಸಕೋಶದ ತೀರ ಒಳಗಿನ ಗಾಳಿಗೂಡುಗಳಲ್ಲಿರುವ ವಾಯುವನ್ನು ಒಂದು ಉದ್ದನೆಯ ಕೊಳವೆಯೊಳಕ್ಕೆ ಜೋರಾಗಿ ಊದಿಸಿ, ಅದರ ಕೊನೆಯ ಅಂಶವನ್ನು ಹಿಡಿದು ಅಳೆಯುವ ಸುಲಭೋಪಾಯವನ್ನು ಕಂಡುಹಿಡಿದರು. ಅದರಿಂದ ತಿಳಿದ ಸಂಗತಿಯು ಆಶ್ಚರ್ಯಕರವಾದುದು. ನಮ್ಮನ್ನು ಉಸಿರಾಡುವಂತೆ ಕ್ಷಣಕ್ಷಣಕ್ಕೆ ಪ್ರೇರಿಸುವುದು ಆಮ್ಲಜನಕದ ಕೊರತೆಯಲ್ಲ, ಇಂಗಾಲದ ಡೈಆಕ್ಸೈಡಿನ ಏರಿಕೆ. ಗಾಳಿಗೂಡಿನಲ್ಲಿ ಆ ಅನಿಲವು ಶೇಕಡಾ ೦.೨ರಷ್ಟು ಏರಿದರೆ ಸಾಕು, ಉಸಿರಾಟವು ಇಮ್ಮಡಿಯಾಗುತ್ತದೆ. ಆರೋಗ್ಯವಂತನಾದ ಗಂಡಸಿನಲ್ಲಿ ಅದರ ಒತ್ತಡವು ಪಾದರಸದ ೪೦ ಮಿಲಿಮೀಟರಿನ ಆಸುಪಾಸಿನಲ್ಲಿ ಸ್ಥಿರವಾಗಿರುವಂತೆ ಮೆದುಳು ನೋಡಿಕೊಳ್ಳುತ್ತದೆ. ಮೆಡುಲ್ಲದ ಮೇಲ್ಮೈಯಲ್ಲಿರುವ ಕೋಶಗಳು ಈ ಅನಿಲದಿಂದಾಗುವ ಆಮ್ಲತೆಯನ್ನು ಗ್ರಹಿಸುತ್ತವೆ. ಕೊರಳಿನ ಅಪಧಮನಿಯು ಕವಲೊಡೆಯುವಲ್ಲಿರುವ ಕಾಳಿನಷ್ಟು ಗಾತ್ರದ ಕ್ಯಾರೊಟಿಡ್ ಕಾಯವು ಮುಖ್ಯವಾಗಿ ಆಮ್ಲಜನಕವನ್ನು ಗಮನಿಸುತ್ತದೆ. ಎರಡನೆಯದರ ಕೆಲಸವನ್ನು ತೋರಿಸಿಕೊಟ್ಟ ಬೆಲ್ಜಿಯಮ್ಮಿನ ಹೇಮನ್ಸನಿಗೆ ೧೯೩೮ರ ನೊಬೆಲ್ ಪಾರಿತೋಷಕವು ಸಂದಿತು.

ಅದೇ ೧೯೦೫ರಲ್ಲಿ ಲಂಡನ್ನಿನಲ್ಲಿ ಅರ್ನೆಸ್ಟ್ ಸ್ಟಾರ್ಲಿಂಗನು ತನ್ನ ಉಪನ್ಯಾಸಗಳಲ್ಲಿ 'ಹಾರ್ಮೋನು' ಎಂಬ ಶಬ್ದವನ್ನು ಬಳಕೆಗೆ ತಂದನು. ಒಂದು ಅಂಗದಲ್ಲಿ ಹುಟ್ಟಿ, ರಕ್ತದಲ್ಲಿ ಸಾಗಿ, ದೂರದ ಇನ್ನೊಂದು ಅಂಗವನ್ನು ಕೆಲಸಕ್ಕೆ ಹಚ್ಚುವ ದ್ರವ್ಯವೆಂದು ಅದರ ತಾತ್ಪರ್ಯ. ದೇಹದ ಆಡಳಿತವೆಲ್ಲ ನರಗಳ ಮೂಲಕವೇ ನಡೆಯುವುದೆಂಬ ಭಾವನೆಯು ಅಲ್ಲಿಗೆ ಮುರಿಯಿತು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವನು ೧೨೨೪ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಒಂದೇ ವಿಗ್ರಹದಲ್ಲಿ ಹರಿಯೂ ಹರನೂ ನಿಂತಿರುವುದನ್ನು ನಿತ್ಯವೂ ಕಾಣುವವರಿಗೆ, ಒಂದು ದೇಹವನ್ನು ನರ, ರಕ್ತ ಎಂಬ ಇಬ್ಬರು ದೂತರು ಕೂಡಿ ಆಳುವುದೆಂಬುದು ಅಷ್ಟೇನೂ ವಿಚಿತ್ರವಾಗಿ ತೋರದು. ಆದರೆ ಅಂದಿನ ಯುರೋಪಿನ ವಿದ್ವಾಂಸರಲ್ಲಿ ಹಾಲ್ಡೇನನ ಸಂಶೋಧನೆಯನ್ನೂ ಸ್ಟಾರ್ಲಿಂಗನ ವಿಚಾರವನ್ನೂ ಕೂಡಿಸಿ ನೋಡುವವರು ದೊರೆಯಲು ಇನ್ನೂ ನಾಲ್ಕು ದಶಕಗಳು ಬೇಕಾದುವು.

ತಡವಾದುದಕ್ಕೆ ಸಾಮಗ್ರಿಯ ಅಭಾವವು ಕಾರಣವಲ್ಲ. ೧೯೦೫ರಲ್ಲಿಯೇ ಹಾಲ್ಡೇನನ ಜೊತೆಗೆ ಮೇಬಲ್ ಫಿಟ್ಸ್‌ಜೆರಾಲ್ಡ್ ಎಂಬ ಮಹಿಳೆಯು ಗಂಡಸರು, ಹೆಂಗಸರು, ಮಕ್ಕಳು ಎಲ್ಲರ ಗಾಳಿಗೂಡಿನ ವಾಯುವನ್ನು ಅಳೆದು, ಹೆಂಗಸರಲ್ಲಿ ಇಂಗಾಲದ ಡೈಆಕ್ಸೈಡು ಗಂಡಸರಲ್ಲಿರುವುದಕ್ಕಿಂತ ಕಡಮೆಯೆಂದು ಪ್ರಕಟಿಸಿದ್ದರು. ಎಂದರೆ ಹೆಂಗಸರ ಮೆದುಳು ಅವರ ದೇಹದ ಅವಶ್ಯಕತೆಗೆ ಹೋಲಿಸಿದರೆ ತುಸು ಹೆಚ್ಚಾಗಿ ಉಸಿರಾಡಿಸುತ್ತದೆ ಎಂದಾಯಿತು. ಆಕೆ ಕಲಿತ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವು ಆಗ ಸ್ತ್ರೀಯರಿಗೆ ಪದವಿಯನ್ನೇ ಕೊಡುತ್ತಿರಲಿಲ್ಲ. ಆಕೆಗೆ ಗೌರವ ಎಂ.ಎ. ಪದವಿಯನ್ನು ಕೊಟ್ಟುದು ೧೯೭೨ರಲ್ಲಿ, ಆಕೆಗೆ ನೂರು ವರ್ಷವಾದಾಗ. ಇನ್ನೊಂದು ಕಡೆ, ಕೋಪನ್‌ಹೇಗನ್ನಿನ ಹಾಸೆಲ್‌ಬಾಲ್ಕ್ ೧೯೧೨ರಲ್ಲಿ ಗರ್ಭಿಣಿಯರ ಉಸಿರನ್ನು ಅಳೆದು, ಅವರಲ್ಲಿ ಈ ಅನಿಲವು ಇನ್ನೂ ಕೆಳಗಿಳಿದಿರುವುದನ್ನು ಕಂಡನು. ಎರಡು ಸಂಗತಿಗಳೂ ಅಚ್ಚಾಗಿ ಕಪಾಟು ಸೇರಿದುವು. ಪ್ರಯೋಗಶಾಲೆಗಳಲ್ಲಿ 'ಮನುಷ್ಯ' ಎಂದರೆ ತರುಣ ಗಂಡಸು ಎಂಬ ರೂಢಿಯು ಬಲವಾಗಿದ್ದುದೇ ಇದಕ್ಕೆ ಮುಖ್ಯ ಕಾರಣವೆಂದು ನಮಗೆ ತೋರುತ್ತದೆ. ತಿಂಗಳ ಮುಟ್ಟಿನಿಂದ ಅಳತೆಗಳು ಏರುಪೇರಾಗುವುವೆಂದು ಹೆಂಗಸರನ್ನು ಪರೀಕ್ಷೆಯಿಂದ ಹೊರಗಿಡುತ್ತಿದ್ದರು. ಆ ಏರುಪೇರಿನಲ್ಲಿಯೇ ಉತ್ತರವಿದ್ದಿತು.

೧೯೨೯ರಲ್ಲಿ ಅಮೆರಿಕದ ಕಾರ್ನರ್ ಮತ್ತು ಆಲೆನ್ ಎಂಬವರು, ಅಂಡವು ಹೊರಬಿದ್ದ ಮೇಲೆ ಅಂಡಾಶಯದಲ್ಲಿ ಉಳಿಯುವ ಹಳದಿಯ ಗಂಟಿನಲ್ಲಿ, ಎಂದರೆ ಪೀತಕಾಯದಲ್ಲಿ, ಗರ್ಭವನ್ನು ಉಳಿಸುವ ಒಂದು ದ್ರವ್ಯವಿರುವುದನ್ನು ತೋರಿಸಿದರು. ೧೯೩೪ರಲ್ಲಿ ಅದು ಶುದ್ಧರೂಪದಲ್ಲಿ ದೊರೆಯಿತು. ಅದೇ ಪ್ರೊಜೆಸ್ಟರೋನ್. ಮುಟ್ಟಿನ ಚಕ್ರದ ಉತ್ತರಾರ್ಧದಲ್ಲಿ ಈ ಹಾರ್ಮೋನು ಏರುತ್ತದೆ. ಗರ್ಭ ನಿಂತರೆ ಇಳಿಯದೆ ಏರುತ್ತಲೇ ಹೋಗುತ್ತದೆ. ಮೊದಲ ಎರಡು ತಿಂಗಳ ಕಾಲ ಪೀತಕಾಯವೂ, ಅನಂತರ ಮಾಸೂ ಅದನ್ನು ತಯಾರಿಸುತ್ತವೆ. ಜರ್ಮನಿಯ ಡೋರಿಂಗ್ ಮತ್ತು ಲೋಷ್ಕೆ ಎಂಬವರು ೧೯೪೭ ಮತ್ತು ೧೯೫೦ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಈ ಏರಿಳಿತವನ್ನೂ ಉಸಿರಿನ ಏರಿಳಿತವನ್ನೂ ಜೋಡಿಸಿದರು. ಅಲ್ಲಿಂದೀಚೆಗೆ ಬಸುರಿಯ ಏದುಸಿರಿಗೆ ಹೊಟ್ಟೆಯ ಭಾರಕ್ಕಿಂತ ಬೇರೆಯಾದ ಕಾರಣವೊಂದು ಕೈಗೆ ಸಿಕ್ಕಿತು.

ಹಾರ್ಮೋನು ಶ್ವಾಸಕೋಶದ ಮೇಲೆ ಕೆಲಸ ಮಾಡುವುದೋ, ಮೆದುಳಿನ ಮೇಲೋ? ೧೯೮೭ ಮತ್ತು ೧೯೯೦ರಲ್ಲಿ ಅಮೆರಿಕದ ಬೇಲಿಸ್, ಮಿಲ್‌ಹಾರ್ನ್ ಮೊದಲಾದವರು ಬೆಕ್ಕುಗಳಲ್ಲಿ ನಡೆಸಿದ ಪ್ರಯೋಗಗಳು ಇದನ್ನು ಬಹುಮಟ್ಟಿಗೆ ತೀರ್ಮಾನಿಸಿದುವು. ಪ್ರೊಜೆಸ್ಟರೋನಿನ ಕಾರ್ಯಸ್ಥಾನವು ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಭಾಗ. ಅಲ್ಲಿಯ ನರಕೋಶಗಳೊಳಗೆ ಈ ಹಾರ್ಮೋನನ್ನು ಹಿಡಿಯುವ ಗ್ರಾಹಕಗಳಿವೆ. ಹಾರ್ಮೋನು ಗ್ರಾಹಕವನ್ನು ಕೂಡಿದ ಮೇಲೆ ಕೋಶದ ವಂಶವಾಹಿಗಳು ಎಚ್ಚತ್ತು ಹೊಸ ಪ್ರೋಟೀನುಗಳು ತಯಾರಾಗುತ್ತವೆ. ಅಲ್ಲಿಂದ ಸಂದೇಶವು ಮೆಡುಲ್ಲಕ್ಕೆ ಇಳಿದು ಉಸಿರನ್ನು ಆಳಗೊಳಿಸುತ್ತದೆ. ಇನ್ನೊಂದು ಹಾರ್ಮೋನಾದ ಈಸ್ಟ್ರೋಜನ್ ಮುಂದಾಗಿ ಬಂದು ಗ್ರಾಹಕಗಳ ಸಂಖ್ಯೆಯನ್ನು ಹೆಚ್ಚಿಸದಿದ್ದರೆ ಪ್ರೊಜೆಸ್ಟರೋನಿನ ಆಟವು ಅಷ್ಟಾಗಿ ಸಾಗದು. ಬೀಗವನ್ನು ಒಬ್ಬಳು ಮಾಡಿಟ್ಟು, ಕೀಲಿಕೈಯನ್ನು ಇನ್ನೊಬ್ಬಳು ತಂದಂತೆ ಎನ್ನಬಹುದು. ಬಸುರಿಯ ಉಸಿರಿಗೆ ಇದೊಂದೇ ಕಾರಣವೆಂದು ತಿಳಿಯಬಾರದು. ಬೆಳೆಯುತ್ತಿರುವ ದೇಹದ ಆಮ್ಲಜನಕದ ಬೇಡಿಕೆಯೂ ಅದರಲ್ಲಿ ಕೂಡಿದೆ. ಆದರೆ ಆ ಬೇಡಿಕೆ ಹೆಚ್ಚುವುದು ಶೇಕಡಾ ಸುಮಾರು ೨೦ರಷ್ಟು. ಉಸಿರಾಟ ಹೆಚ್ಚುವುದು ಶೇಕಡಾ ೪೦ರಿಂದ ೫೦ರಷ್ಟು. ಮಿಕ್ಕುದು ಬಹುಮಟ್ಟಿಗೆ ಹಾರ್ಮೋನಿನ ಪಾಲು.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ನಿಮಿಷಕ್ಕೆ ಇಷ್ಟು ಸಲವೆಂಬ ಉಸಿರಿನ ಎಣಿಕೆಯು ಗರ್ಭಿಣಿಯಲ್ಲಿ ಹೆಚ್ಚುಕಡಮೆ ಮೊದಲಿನಂತೆಯೇ ಇರುತ್ತದೆ. ಹೆಚ್ಚುವುದು ಒಂದೊಂದು ಉಸಿರಿನ ಆಳ. ಇದರಿಂದ ರಕ್ತದ ಇಂಗಾಲದ ಡೈಆಕ್ಸೈಡು ೪೦ರಿಂದ ೩೦ ಮಿಲಿಮೀಟರಿನ ಸುಮಾರಿಗೆ ಇಳಿಯುತ್ತದೆ. ಬೇರೆಯವರಲ್ಲಿ ಹೀಗಾದರೆ ಮೆದುಳು ಕೂಡಲೆ ಉಸಿರನ್ನು ಕುಗ್ಗಿಸುತ್ತಿದ್ದಿತು. ಗರ್ಭಿಣಿಯ ಮೆದುಳು ಈ ಕೆಳಮಟ್ಟವನ್ನೇ ಸಹಜವೆಂದು ಸ್ವೀಕರಿಸಿ, ಅಲ್ಲಿಂದ ಸ್ವಲ್ಪ ಏರಿದರೂ ಉಸಿರನ್ನು ಜೋರು ಮಾಡುತ್ತದೆ. ಮೂತ್ರಪಿಂಡಗಳು ಬೈಕಾರ್ಬೊನೇಟನ್ನು ಹೊರಹಾಕಿ ರಕ್ತವು ಹೆಚ್ಚು ಕ್ಷಾರವಾಗದಂತೆ ಸರಿದೂಗಿಸುತ್ತವೆ. ಈ ಏರ್ಪಾಟಿನ ಪ್ರಯೋಜನವು ಕೂಸಿಗೆ. ಕೂಸಿನ ರಕ್ತದ ಇಂಗಾಲದ ಡೈಆಕ್ಸೈಡು ತಾಯಿಯ ಕಡೆಗೆ ಹರಿಯಬೇಕಾದರೆ ತಾಯಿಯ ಮಟ್ಟವು ಕೂಸಿನ ಮಟ್ಟಕ್ಕಿಂತ ಕೆಳಗಿರಬೇಕು. ಕಾಲುವೆಯ ನೀರು ಗದ್ದೆಗೆ ಹರಿಯಬೇಕಾದರೆ ಗದ್ದೆಯು ತಗ್ಗಿನಲ್ಲಿರಬೇಕೆಂಬುದನ್ನು ಭದ್ರಾ ನಾಲೆಯ ಕೆಳಗಿನ ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಹೀಗೆ, ಆರೋಗ್ಯವಂತ ಗರ್ಭಿಣಿಯರಲ್ಲಿ ನೂರಕ್ಕೆ ಅರುವತ್ತು ಎಪ್ಪತ್ತು ಮಂದಿಗೆ ಆಗುವ 'ಉಸಿರು ಸಾಲದು' ಎಂಬ ಅನುಭವವು ಗಾಳಿಯ ಕೊರತೆಯಲ್ಲ. ಮೆದುಳು ಅಗತ್ಯಕ್ಕಿಂತ ಹೆಚ್ಚಾಗಿ ಉಸಿರಾಡಿಸುತ್ತಿರುವುದರ ಅರಿವು.

ಈ ಹಾರ್ಮೋನು ಇಳಿದಾಗ ಏನಾಗುವುದೆಂಬುದೂ ತಿಳಿದಿದೆ. ನಿದ್ರೆಯಲ್ಲಿ ಗಂಟಲು ಮುಚ್ಚಿ ಉಸಿರು ಕಟ್ಟುವ ರೋಗವು ಮುಟ್ಟು ನಿಲ್ಲುವುದಕ್ಕೆ ಮುಂಚೆ ಹೆಂಗಸರಲ್ಲಿ ಗಂಡಸರಿಗಿಂತ ವಿರಳ. ಮುಟ್ಟು ನಿಂತ ಮೇಲೆ ಹೆಚ್ಚಾಗುತ್ತದೆ. ಅತಿ ಸ್ಥೂಲಕಾಯರಾಗಿ ಸಾಕಷ್ಟು ಉಸಿರಾಡದ ರೋಗಿಗಳಿಗೆ ಪ್ರೊಜೆಸ್ಟರೋನನ್ನೇ ಔಷಧವಾಗಿ ಕೊಟ್ಟು ನೋಡಿದ ವರದಿಯು ೧೯೬೮ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಥೈರಾಯಿಡ್ ಗ್ರಂಥಿಯ ರಸವು ತೀರ ಕಡಮೆಯಾದವರಲ್ಲಿಯೂ ಮೆದುಳಿನ ಈ ಎಚ್ಚರವು ಮಂದವಾಗುತ್ತದೆ. ಇವು ಬೇರೆ ಲೇಖನಕ್ಕೆ ತಕ್ಕ ವಿಷಯಗಳು.

ನಮ್ಮ ಪ್ರಸಕ್ತ ವಿಷಯಕ್ಕೆ ಹೆಚ್ಚು ಮುಖ್ಯವಾದುದು ಇನ್ನೊಂದು. ಬಸುರಿಯ ಏದುಸಿರು ಸಹಜವೆಂದು ತಿಳಿದ ಮಾತ್ರಕ್ಕೆ ಬಸುರಿಯ ಎಲ್ಲ ಏದುಸಿರೂ ಸಹಜವೆಂದಾಗುವುದಿಲ್ಲ. 'ಎರಡು ಜೀವವಲ್ಲವೆ' ಎಂಬ ಸಮಾಧಾನದ ಮಾತು ಎಷ್ಟು ಹಿತವೋ, ಕೆಲವೊಮ್ಮೆ ಅಷ್ಟೇ ಅಪಾಯಕರ. ಬಾಲ್ಯದಲ್ಲಿ ಗಂಟಲುನೋವಾಗಿ ಬಂದು, ಕೀಲುಗಳಲ್ಲಿ ಬಾವೆಬ್ಬಿಸಿ, ಹೃದಯದ ಕವಾಟವನ್ನು ಸದ್ದಿಲ್ಲದೆ ಕಿರಿದುಗೊಳಿಸಿ ಹೋಗುವ ಸಂಧಿವಾತ ಜ್ವರವು ನಮ್ಮ ದೇಶದಲ್ಲಿ ಇನ್ನೂ ಅಳಿದಿಲ್ಲ. ಅಂಥ ಹುಡುಗಿಯು ಗರ್ಭಿಣಿಯಾಗುವವರೆಗೆ ಆರೋಗ್ಯವಾಗಿಯೇ ತೋರಬಹುದು. ಗರ್ಭ ಕಾಲದಲ್ಲಿ ರಕ್ತದ ಪ್ರಮಾಣವು ಶೇಕಡಾ ೪೦ಕ್ಕೂ ಹೆಚ್ಚಾಗಿ ಏರುತ್ತದೆ; ಕಿರಿದಾದ ಕವಾಟದಲ್ಲಿ ಅದು ಹಾದುಹೋಗಲಾರದೆ ಶ್ವಾಸಕೋಶದಲ್ಲಿ ನಿಂತು ತುಂಬುತ್ತದೆ. ಆಗಿನ ಏದುಸಿರು ಹೈಪೊಥಲಾಮಸಿನಿಂದ ಇಳಿದು ಬಂದುದಲ್ಲ. ಶ್ವಾಸಕೋಶದಿಂದ ಮೇಲೇರಿದ ಕೂಗು. ಈ ಕೂಗನ್ನು ಮೆದುಳಿಗೆ ಒಯ್ಯುವ ನರತುದಿಗಳನ್ನು ಕಂಡುಹಿಡಿದವರು ಭಾರತೀಯರೇ ಆದ ಅವತಾರ್ ಸಿಂಗ್ ಪೈಂಟಲ್ ಎಂಬುದು ಹೆಮ್ಮೆಯ ಸಂಗತಿ. ೧೯೫೫ರಲ್ಲಿ ಬೆಕ್ಕುಗಳಲ್ಲಿ ಅವರು ಮೊದಲು ವರ್ಣಿಸಿದ ಈ ತುದಿಗಳಿಗೆ ೧೯೬೯ರಲ್ಲಿ 'ಜೆ ಗ್ರಾಹಕ'ಗಳೆಂಬ ಹೆಸರು ಬಂದಿತು. ಶ್ವಾಸಕೋಶದ ನವುರಾದ ರಕ್ತನಾಳಗಳ ಮಗ್ಗುಲಲ್ಲಿ ನೀರು ಜಿನುಗಿದೊಡನೆ ಇವು ಕೆರಳುತ್ತವೆ.

ಎರಡು ಏದುಸಿರುಗಳನ್ನು ಹೇಗೆ ಬೇರ್ಪಡಿಸುವುದು? ತೀರ್ಮಾನವು ವೈದ್ಯರದು, ಆದರೆ ಮನೆಯವರು ಗಮನಿಸಬಹುದಾದ ಭೇದಗಳುಂಟು. ಹಾರ್ಮೋನಿನ ಏದುಸಿರು ಮೆಲ್ಲಗೆ, ಆರಂಭದ ತಿಂಗಳುಗಳಲ್ಲಿಯೇ ಬರುತ್ತದೆ, ಕುಳಿತರೆ ಶಮನವಾಗುತ್ತದೆ, ದಿನದ ಕೆಲಸಕ್ಕೆ ಅಡ್ಡಿ ಮಾಡುವುದಿಲ್ಲ. ಮಲಗಿದರೆ ಉಸಿರು ಕಟ್ಟುವುದು, ನಡುರಾತ್ರಿಯಲ್ಲಿ ತೇಕುತ್ತ ಎದ್ದು ಕೂರುವುದು, ಕೆಮ್ಮಿನಲ್ಲಿ ರಕ್ತ ಕಾಣುವುದು, ಎದೆ ಹೊಡೆದುಕೊಳ್ಳುವುದು, ಸುಮ್ಮನೆ ಕುಳಿತಾಗಲೂ ಉಸಿರಿನ ಎಣಿಕೆಯೇ ಹೆಚ್ಚುವುದು, ಇವು ಹಾರ್ಮೋನಿನ ಲಕ್ಷಣಗಳಲ್ಲ. ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ರಕ್ತಹೀನತೆಯೂ ಏದುಸಿರಿಗೆ ಕಾರಣವಾಗುವುದುಂಟು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೇರೆಗೆ ಭಾರತದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರಕ್ತಹೀನರು. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ೧೧ ಗ್ರಾಮಿಗಿಂತ ಕೆಳಗಿದ್ದರೆ, ಏದುಸಿರನ್ನು ಕೂಸಿನ ಮೇಲೆ ಹೊರಿಸುವ ಮುನ್ನ ಆ ಅಂಕಿಯನ್ನು ನೋಡಬೇಕು.

ಇನ್ನು ಹೊಗೆಯ ವಿಷಯ. ದಾವಣಗೆರೆಯು ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದಿತು. ಗಿರಣಿಗಳು ಹೋದುವು, ಮಂಡಕ್ಕಿ ಭಟ್ಟಿಗಳು ಉಳಿದುವು. ನೆನೆಸಿ ಬೇಯಿಸಿ ಒಣಗಿಸಿದ ನೆಲ್ಲಿನ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದು ಅರಳಿಸುವ ಈ ಕೆಲಸದಲ್ಲಿ ಕುಟುಂಬಕ್ಕೆ ಕುಟುಂಬವೇ, ಹೆಂಗಸರೂ ಸಹ, ಬೆಂಕಿಯ ಮುಂದೆ ದುಡಿಯುತ್ತದೆ. ಬಸುರಿಯ ಮೆದುಳು ಆಕೆಯನ್ನು ಶೇಕಡಾ ೪೦ರಷ್ಟು ಹೆಚ್ಚಾಗಿ ಉಸಿರಾಡಿಸುವುದೆಂದರೆ, ಪಕ್ಕದಲ್ಲಿ ಕುಳಿತವರಿಗಿಂತ ಅಷ್ಟು ಹೆಚ್ಚು ಹೊಗೆಯು ಆಕೆಯ ಎದೆಯೊಳಕ್ಕೆ ಹೋಗುವುದೆಂದೇ ಅರ್ಥ. ಹಾರ್ಮೋನು ಕೂಸಿನ ಹಿತಕ್ಕಾಗಿ ಕೊಟ್ಟ ಅಪ್ಪಣೆಗೆ ಗಾಳಿಯ ಗುಣ ತಿಳಿಯದು.

ಹೊಗೆಯಲ್ಲಿ ಕಣ್ಣಿಗೆ ಕಾಣದ ಅಂಶವೊಂದಿದೆ, ಇಂಗಾಲದ ಮಾನಾಕ್ಸೈಡು. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇದರಲ್ಲಿ ಇನ್ನೂರು ಪಟ್ಟಿಗೂ ಹೆಚ್ಚಿನ ಒಲವು. ಇದನ್ನು ತಾನೇ ಸೇದಿ ಪರೀಕ್ಷಿಸಿ ೧೮೯೫ರಲ್ಲಿ ಬರೆದವನೂ ಮೇಲೆ ಹೇಳಿದ ಹಾಲ್ಡೇನನೇ. (ಮುಂದೆ ಭಾರತಕ್ಕೆ ಬಂದು ನೆಲಸಿ ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೆ. ಬಿ. ಎಸ್. ಹಾಲ್ಡೇನ್ ಇವನ ಮಗ.) ಗಣಿಗಳೊಳಕ್ಕೆ ಸಣ್ಣ ಹಕ್ಕಿಗಳನ್ನು ಒಯ್ಯಬೇಕೆಂದು ಇವನು ಸಲಹೆಮಾಡಿದುದಕ್ಕೆ ಕಾರಣವುಂಟು: ಈ ಅನಿಲದ ವಿಷಯದಲ್ಲಿ ಮನುಷ್ಯನ ಮೆದುಳು ಎಚ್ಚರಿಕೆ ಕೊಡುವುದಿಲ್ಲ. ಕ್ಯಾರೊಟಿಡ್ ಕಾಯವು ನೋಡುವುದು ರಕ್ತದಲ್ಲಿ ಕರಗಿರುವ ಆಮ್ಲಜನಕದ ಒತ್ತಡವನ್ನು. ಆ ಒತ್ತಡವು ಮೊದಲಿನಂತೆಯೇ ಇರುತ್ತದೆ. ಇಂಗಾಲದ ಡೈಆಕ್ಸೈಡೂ ಏರುವುದಿಲ್ಲ. ಹಿಮೋಗ್ಲೋಬಿನ್ ಹೊರುವ ಸರಕು ಮಾತ್ರ ಕಡಮೆಯಾಗಿರುತ್ತದೆ. ಗರ್ಭದಲ್ಲಿರುವ ಕೂಸಿನ ರಕ್ತವಂತೂ ಈ ಅನಿಲವನ್ನು ಕ್ರಮೇಣ ತಾಯಿಯ ರಕ್ತಕ್ಕಿಂತ ಹೆಚ್ಚಾಗಿ ಹಿಡಿದುಕೊಂಡು ನಿಧಾನವಾಗಿ ಬಿಡುತ್ತದೆ.

ಹೆರಿಗೆಯಾಗಿ ಮಾಸು ಹೊರಬಿದ್ದೊಡನೆ ಪ್ರೊಜೆಸ್ಟರೋನು ಥಟ್ಟನೆ ಇಳಿಯುತ್ತದೆ. ಕೆಲವು ವಾರಗಳಲ್ಲಿ ಉಸಿರಾಟವು ಹಿಂದಿನ ಮಟ್ಟಕ್ಕೆ ಮರಳುತ್ತದೆ. ಬಾಣಂತಿಯನ್ನು ಕಿಟಕಿಬಾಗಿಲುಗಳನ್ನು ಮುಚ್ಚಿದ ಕೋಣೆಯಲ್ಲಿ, ಕೆಂಡದ ಅಗ್ಗಿಷ್ಟಿಕೆಯ ಮಗ್ಗುಲಲ್ಲಿ ಮಲಗಿಸುವ ಪದ್ಧತಿಯು ನಮ್ಮ ಅನೇಕ ಮನೆಗಳಲ್ಲಿ ನಡೆದುಬಂದುದಾಗಿದೆ. ಬೆಚ್ಚಗಿರಬೇಕೆಂಬುದು ಅದರ ಉದ್ದೇಶ, ಉದ್ದೇಶವು ಸರಿಯಾದುದೇ. ಕೆಂಡದಲ್ಲಿ ಹೊಗೆಯಿಲ್ಲವಾದುದರಿಂದ ಕೇಡಿಲ್ಲವೆಂದು ನಂಬುವವರುಂಟು. ಆದರೆ ಮುಚ್ಚಿದ ಕೋಣೆಯಲ್ಲಿ ಹೊಗೆಯಿಲ್ಲದ ಕೆಂಡದಿಂದ ಹೊರಡುವ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದರಿಂದಾಗುವ ತಲೆನೋವು, ವಾಕರಿಕೆ, ತೂಕಡಿಕೆಗಳನ್ನು ಬಾಣಂತನದ ಆಯಾಸವೆಂದು ಎಣಿಸುವುದು ಸುಲಭ. ಏದುಸಿರು ಇರಲೇಬೇಕೆಂದಿಲ್ಲ. ಬೆಚ್ಚನೆಯ ಹೊದಿಕೆ, ಹೊರಗೆ ಕಾಯಿಸಿ ತಂದ ನೀರು, ಗಾಳಿ ನೇರವಾಗಿ ತಾಯಿಮಗುವಿನ ಮೇಲೆ ಬೀಸದಂತೆ ಮೇಲ್ಗಡೆ ತೆರೆದಿಟ್ಟ ಒಂದು ಕಿಟಕಿ ಇಷ್ಟಿದ್ದರೆ, ಅಗ್ಗಿಷ್ಟಿಕೆಯನ್ನು ಕೋಣೆಯಿಂದ ಹೊರಗಿಡಬಹುದು.